ಐಸಿಯುದಿಂದ ಮನಿಗಿ ಬಂದ ಅಪ್ಪಗ ಶಕ್ತಿ ಎಷ್ಟ್ ಬಂದೈತಿ ಅಂತ ಹೆಂಗ ತಿಳ್ಕೋಬೇಕು? ಹೆಜ್ಜಿ ಎಣಿಸೋ ವಾಚ್ ತಗೊಳ್ಲೋ, ಆರು ನಿಮಿಷದಾಗ ಎಷ್ಟ್ ದೂರ ನಡೀತಾರ ಅಂತ ನೋಡೋ ವಾಕ್ ಟೆಸ್ಟ್ ಮಾಡಿಸ್ಲೋ? ಸದ್ಯಕ್ಕ ದಿನಾ ಎಷ್ಟ್ ಹೆಜ್ಜಿ ನಡದ್ರು ಅಂತ ಬರದಿಡ್ತೀನಿ.

ದಿನಾ ಎಷ್ಟ್ ಹೆಜ್ಜಿ ನಡದ್ರು ಅಂತ ಬರದಿಡ್ತೀನಿ ಅಂದೀರಲ್ಲ, ಅದನ್ನ ಓದಿ ಎದಿ ಧಸಕ್ ಅಂತು ನೋಡ್ರಿ, ನಾನೂ ಅದನ್ನ ಮಾಡಿ ಕೆಟ್ಟೀನಿ.

ನಮ್ಮಪ್ಪ ನ್ಯುಮೋನಿಯಾ ಆಗಿ ಹನ್ನೆರಡು ದಿನ ವೆಂಟಿಲೇಟರ್ ಮ್ಯಾಲ ಇದ್ರು. ಅದಕ್ಕೂ ಮೊದಲ ದಿನಾ ಮುಂಜಾನಿ ಗೋಳಗುಮ್ಮಟದ ತನಕ ಹೋಗಿ ಬರೋ ಮನಶ್ಯಾ, ಮನಿಗಿ ಕರ್ಕೊಂಡ್ ಬಂದಾಗ ತೊಡಿ ಅಂದ್ರ ಜ್ವಾಳದ ದಂಟು. ನಾನು ಗೋಡಿ ಮ್ಯಾಗಿನ ಕ್ಯಾಲೆಂಡರಿನ್ಯಾಗ ಹೆಜ್ಜಿ ಬರಿಯಾಕ ಹತ್ತಿದೆ, 20, 45, 110. ಮಾತಾಡ್ಸಾಕ ಬಂದವರಿಗೆಲ್ಲ ತೋರ್ಸಿದ್ದ ತೋರ್ಸಿದ್ದು.

ತಪ್ಪ ಎಲ್ಲಿ ಆತು ಕೇಳ್ರಿ. ಪ್ರತಿ ಸಲ ನಾನ ಬಗಲಾಗ ಕೈ ಹಾಕಿ ಖುರ್ಚಿಯಿಂದ ಎಬ್ಬಿಸ್ತಿದ್ದೆ, ಎದ್ದು ನಿಂತ ಮ್ಯಾಲ ಎಣಿಸಾಕ ಶುರು. ಅಂದ್ರ ಎದ್ದಿದ್ದು ನನ್ನ ತಾಕತ್ತಿನ್ಯಾಗ, ಕ್ಯಾಲೆಂಡರಿನ್ಯಾಗ ಮಾತ್ರ ಎಲ್ಲಾ ಅವರ ಹೆಸರಿಗಿ. ನಿಂತ ಮನಶ್ಯಾಗ ಸಪಾಟ ನೆಲದಾಗ ನಡಿಯಾಕ ಅಷ್ಟ್ ಬಲ ಬೇಕಾಗಂಗಿಲ್ಲ, ಕೂತಲ್ಲಿಂದ ಏಳಬೇಕಂದ್ರ ತೊಡಿ ಇಡೀ ಮೈ ಎತ್ತಬೇಕು, ಹಾಸಿಗಿ ಹಿಡದವರಿಗೆ ಕರಗಿದ್ದೂ ಅದ ತೊಡಿ. ಒಂದ್ ರಾತ್ರಿ ಇವನ್ನ ಯಾಕ ಎಬ್ಬಿಸೋದು ಅಂತ ಒಬ್ರ ಸಂಡಾಸಕ್ಕ ಹೋದ್ರು. ಹೋಗೋದೇನೋ ಹೋದ್ರು, ಏಳಾಕ ಆಗ್ಲಿಲ್ಲ. ಬಕೇಟ್ ಹಿಡ್ಕೊಂಡು ಏಳಾಕ ಹೋಗಿ ಬಿದ್ರು, ಹುಬ್ಬಿನ ಮ್ಯಾಲ ಏಳು ಹೊಲಿಗಿ. ಅವತ್ತಿನ ಲೆಕ್ಕ 340 ಹೆಜ್ಜಿ!

ಆಮ್ಯಾಲ ಬಂದ ಫಿಜಿಯೋ ಮೇಡಂ ಕ್ಯಾಲೆಂಡರ್ ಕಡೆ ಹೊಳ್ಳಿನೂ ನೋಡ್ಲಿಲ್ಲ. ಖುರ್ಚಿ ಗೋಡಿಗಿ ಹಚ್ಚಿ, ಕೈ ಎದಿ ಮ್ಯಾಲ ಕಟ್ಟಿಸಿ, 30 ಸೆಕೆಂಡಿನ್ಯಾಗ ಎಷ್ಟ್ ಸಲ ಎದ್ದು ಕೂಡ್ತಾರ ಎಣಿಸಿದ್ರು. ಕೈ ಊರಿದ್ರ ಸೊನ್ನಿ. ಅಪ್ಪಗ ಸೊನ್ನಿನ ಬಂತು. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದ, ಎರಡೂ ಕಡೆ ಒತ್ತಿ ನೋಡಿ ಒಂದೊಂದಕ್ಕ 5ರಾಗ ಮಾರ್ಕ್ಸ್ ಕೊಟ್ರು, ಒಟ್ಟು 60, 48ಕ್ಕಿಂತ ಕಡಿಮಿ ಬಂದ್ರ ಐಸಿಯುದಾಗ ಹಿಡದ ನಿಶ್ಶಕ್ತಿ ಇನ್ನೂ ಐತಿ ಅಂತ. ಅಪ್ಪಗ 42.

ಅದಕ್ಕ ವಾಚ್ ಬ್ಯಾಡ, ರೊಕ್ಕ ದಂಡ. ಆರು ನಿಮಿಷದ ಟೆಸ್ಟ್ ಛಲೋ ಐತಿ, ಆದ್ರ ಅದಕ್ಕ 30 ಮೀಟರ್ ಉದ್ದ ವರಾಂಡಾ ಬೇಕು, ದವಾಖಾನ್ಯಾಗ ಮಾಡಸ್ರಿ. ಮೊದಲ ಇವತ್ತ ಸಂಜಿಗಿ ಅಪ್ಪನ ಖುರ್ಚಿ ಮುಂದ ನಿಂದ್ರ್ರಿ, ಬಿದ್ರ ಹಿಡಿಯೋವಷ್ಟ್ ಹತ್ರ, ಆದ್ರ ಕೈ ಕೊಡಬ್ಯಾಡ್ರಿ. ಎದ್ರ 30 ಸೆಕೆಂಡಿನ್ಯಾಗ ಎಷ್ಟ್ ಸಲ ಅಂತ ಎಣಿಸ್ರಿ, ಏಳದಿದ್ರ ಫಿಜಿಯೋಗ ಫೋನ್ ಮಾಡ್ರಿ.

ನಮ್ಮಪ್ಪ ಈಗ ಒಂಬತ್ತು ಸಲ ಏಳ್ತಾರ. ಆ ಕ್ಯಾಲೆಂಡರ್ ಮಾತ್ರ ತಗಿಯಾಕ ಬಿಡವಲ್ರು, ಹಾಲಿನ ಲೆಕ್ಕ ಐತಿ ಅದರಾಗ ಅಂತಾರ.