ಐವತ್ತೋ ನೂರೋ ಎನ್ನುವ ಮೊದಲು ಹೇಳಿ, ನಿಮ್ಮ ಟ್ಯೂಬ್ ಎಷ್ಟು ದಿನ ಬರುತ್ತದೆ?

ಕಪ್ಪು ಮೈಬಣ್ಣ, ದಿನವಿಡೀ ಬಿಸಿಲಲ್ಲಿ ಕೆಲಸ, ಸನ್‌ಸ್ಕ್ರೀನ್ ಎಸ್‌ಪಿಎಫ್ 50 ಸಾಕೋ 100 ಬೇಕೋ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಒಂದು ಸಂಜೆ ಪೂರ್ತಿ ಕಳೆದಿದ್ದೆ. ಕೊನೆಗೆ 50 ಆರಿಸಿಕೊಂಡೆ. ಆರಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಎರಡೂ ಕೆನ್ನೆಗಳ ಮೇಲೆ ಬಂಗು, ಅಂದರೆ ಕಪ್ಪುಕಂದು ಕಲೆ ಬಂತು.

ನಾನು ಭೂಮಾಪನದ ಕೆಲಸದವನು. ಟೋಟಲ್ ಸ್ಟೇಷನ್ ಯಂತ್ರವನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಮಟ್ಟದ ಗುಳ್ಳೆ ಸರಿಯಾಗಿ ನಡುವಿಗೆ ಬರುವವರೆಗೆ ತಿರುಪು ತಿರುಗಿಸಿ, ಮಿಲಿಮೀಟರ್ ಲೆಕ್ಕದಲ್ಲಿ ದೂರ ಬರೆದುಕೊಳ್ಳುವವನು. ಬೆಳಿಗ್ಗೆ ಏಳಕ್ಕೆ ಬಯಲಿಗಿಳಿದರೆ ಮರಳುವುದು ಸಂಜೆಯೇ. ಅಗಲ ಅಂಚಿನ ಟೋಪಿ ಮತ್ತು ತುಂಬುತೋಳಿನ ಅಂಗಿ ಹಾಕಿಕೊಂಡೇ ಹತ್ತು ವರ್ಷ ದುಡಿದಿದ್ದೆ. ಸೆಖೆಗೆ ಅವೆರಡನ್ನೂ ಕಂಡರೆ ಮೈಯುರಿಯುತ್ತಿತ್ತು. ಅವುಗಳಿಂದ ಬಿಡುಗಡೆ ಸಿಗಲಿ ಎಂದೇ ನಾನು ಸನ್‌ಸ್ಕ್ರೀನ್ ಕೊಂಡದ್ದು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಎಸ್‌ಪಿಎಫ್ ಎಂದರೆ ಬರಿಯ ಚರ್ಮ ಕೆಂಪಾಗಲು ಹಿಡಿಯುವ ಹೊತ್ತಿನ ಅಷ್ಟು ಪಟ್ಟು ರಕ್ಷಣೆ ಎಂದು ಎಲ್ಲೋ ಓದಿದ್ದೆ. ನನ್ನ ಚರ್ಮಕ್ಕೆ 20 ನಿಮಿಷ ಎಂದು ಹಿಡಿದು ಐವತ್ತರಿಂದ ಗುಣಿಸಿದೆ. ಸಾವಿರ ನಿಮಿಷ, ಅಂದರೆ 16 ಗಂಟೆ 40 ನಿಮಿಷ. ಹಗಲೇ ಅಷ್ಟು ಉದ್ದವಿಲ್ಲವಲ್ಲ! ಬೆಳಿಗ್ಗೆ ಒಮ್ಮೆ ಹಚ್ಚಿದರೆ ಆ ದಿನದ ಚಿಂತೆ ಮುಗಿಯಿತು ಎಂದುಕೊಂಡು ಟೋಪಿಯನ್ನು ಗಾಡಿಯ ಹಿಂದಿನ ಸೀಟಿಗೆ ಎಸೆದೆ. ಅರ್ಧತೋಳಿನ ಅಂಗಿ ತೊಟ್ಟೆ.

ಈ ಗುಣಾಕಾರದ ವಿಷಯವನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಸಹಿಸಿಕೊಳ್ಳಿ. ಇದಕ್ಕೆ ದಂಡ ಕಟ್ಟಿದ್ದು ನನ್ನ ಮುಖ. ಎಸ್‌ಪಿಎಫ್ ಗಡಿಯಾರದ ಲೆಕ್ಕವೇ ಅಲ್ಲ. ಪ್ರಯೋಗಾಲಯದಲ್ಲಿ ಸ್ವಯಂಸೇವಕರ ಬೆನ್ನಿನ ಮೇಲೆ, ಕ್ರೀಮ್ ಇಲ್ಲದ ಚರ್ಮ ಕೆಂಪಾಗಲು ಎಷ್ಟು ಕಿರಣ ಬೇಕು, ಹಚ್ಚಿದ ಚರ್ಮಕ್ಕೆ ಎಷ್ಟು ಬೇಕು ಎಂದು ನೋಡಿ ಒಂದರಿಂದ ಇನ್ನೊಂದನ್ನು ಭಾಗಿಸುತ್ತಾರೆ. ಅಳೆಯುವುದು ಬಿದ್ದ ಕಿರಣದ ಪ್ರಮಾಣವನ್ನು, ಕಳೆದ ಹೊತ್ತನ್ನಲ್ಲ. ಬೆಳಗಿನ ಏಳರ ಒಂದು ಗಂಟೆಯಲ್ಲಿ ಬೀಳದಷ್ಟು ನೇರಳಾತೀತ ಕಿರಣ ನಡುಹಗಲಿನ ಹದಿನೈದೇ ನಿಮಿಷದಲ್ಲಿ ಬೀಳಬಹುದು. ಅಲ್ಲಿಗೆ ನನ್ನ 20 ನಿಮಿಷ ಎಂಬ ಮೂಲ ಅಂಕಿಯೇ ಸುಳ್ಳಾಯಿತು. ಇನ್ನು ಆ ಪರೀಕ್ಷೆಯಲ್ಲಿ ಯಾರೂ ಬೆವರುವುದಿಲ್ಲ, ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುವುದಿಲ್ಲ. ಅವೊಬೆನ್ಜೋನ್‌ನಂಥ ಕಿರಣ ಹೀರುವ ಕೆಲವು ಅಂಶಗಳಂತೂ ಜೊತೆಗೆ ಅವನ್ನು ಕಾಯುವ ಸ್ಥಿರಕಾರಿ ಇಲ್ಲದಿದ್ದರೆ ಬಿಸಿಲಿಗೇ ಒಡೆದುಹೋಗುತ್ತವೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ ಎಂದು ಟ್ಯೂಬಿನ ಮೇಲೆಯೇ ಬರೆದಿತ್ತು. ಹೆಚ್ಚು ಮಾರಾಟವಾಗಲಿ ಎಂದು ಹಾಗೆ ಬರೆಯುತ್ತಾರೆ ಎಂದುಕೊಂಡಿದ್ದೆ.

ಮೊದಲು ಹೇಳಿಕೊಟ್ಟದ್ದು ಕುತ್ತಿಗೆಯ ಹಿಂಭಾಗ. ಉರಿದು ಸಿಪ್ಪೆ ಸುಲಿಯಿತು. ಕಾಲರ್ ಉಜ್ಜಿರಬೇಕು ಎಂದು ಸುಮ್ಮನಾದೆ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಕೆನ್ನೆಯ ಮೂಳೆಯ ಮೇಲೆ ಕೊಳೆ ಕಂಡಿತು. ಸೋಪು ಹಾಕಿ ತಿಕ್ಕಿದೆ. ಹೋಗಲಿಲ್ಲ. ಇನ್ನೊಂದು ಕೆನ್ನೆಯಲ್ಲೂ ಅಂಥದ್ದೇ ಇತ್ತು.

ಚರ್ಮದ ಡಾಕ್ಟರ್ ವಯಸ್ಸಾದ ಹೆಂಗಸು. "ಬಂಗು" ಎಂದರು. "ಎಸ್‌ಪಿಎಫ್ 50 ಹಚ್ಚುತ್ತೇನಲ್ಲ ಮೇಡಂ, ಒಂದು ದಿನವೂ ತಪ್ಪಿಸಿಲ್ಲ" ಎಂದೆ.

"ಒಂದು ಟ್ಯೂಬ್ ಎಷ್ಟು ದಿನ ಬರುತ್ತದೆ?"

"ಎಂಟು ತಿಂಗಳು" ಎಂದೆ. ದುಂದು ಮಾಡದವನ ಹೆಮ್ಮೆ ಸ್ವಲ್ಪ ಇತ್ತು ಎಂದೇ ಹೇಳಬೇಕು.

"ಎಷ್ಟು ಗ್ರಾಂನದು?"

"ಐವತ್ತು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಳತೆಯ ಕೆಲಸ ಎಂದಿರಲ್ಲ. ನೀವೇ ಭಾಗಿಸಿ."

ಕೆಲಸದ ದಿನಗಳು 200 ಎಂದು ಹಿಡಿದರೆ ದಿನಕ್ಕೆ ಕಾಲು ಗ್ರಾಂ. ಪ್ರಯೋಗಾಲಯದಲ್ಲಿ ಹಚ್ಚುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ. ಆ ಲೆಕ್ಕದಲ್ಲಿ ಮುಖ, ಕಿವಿ, ಕುತ್ತಿಗೆಗೇ ಒಂದು ಸಲಕ್ಕೆ ಒಂದು ಗ್ರಾಂಗಿಂತ ಹೆಚ್ಚು ಬೇಕು. ನಾನೋ ಅದೇ ಕಾಲು ಗ್ರಾಂನಲ್ಲಿ ಎರಡು ಮುಂಗೈಗಳಿಗೂ ಸವರುತ್ತಿದ್ದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕಾಲು ಭಾಗ ಹಚ್ಚಿದರೆ 50 ಎಂದು ಬರೆದಿರುವುದು ಹತ್ತು ಹನ್ನೆರಡನ್ನು ದಾಟುವುದೂ ಕಷ್ಟ ಎಂದರು ಡಾಕ್ಟರ್. ಮಿಲಿಮೀಟರ್ ತಪ್ಪಿದರೆ ಹುಡುಗರನ್ನು ಗದರುತ್ತಿದ್ದ ನಾನು ನನ್ನ ಮುಖದ ಲೆಕ್ಕದಲ್ಲಿ ನಾಲ್ಕು ಪಟ್ಟು ತಪ್ಪಿದ್ದೆ.

ಕಡಿಮೆ ಹಚ್ಚಿದರೆ ಯಾಕೆ ಹೀಗೆ ಕುಸಿಯುತ್ತದೆ? ಕ್ರೀಮಿನೊಳಗಿನ ಅಣುಗಳು ನೇರಳಾತೀತ ಬೆಳಕನ್ನು ತಾವು ಹೀರಿಕೊಂಡು, ಒಂದು ಕ್ಷಣ ಉದ್ರೇಕಗೊಂಡು, ಆ ಶಕ್ತಿಯನ್ನು ತುಸು ಶಾಖವಾಗಿ ಬಿಟ್ಟುಬಿಡುತ್ತವೆ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಕನ್ನಡಿಯಂತೆ ಕಿರಣವನ್ನು ಹಿಂದಕ್ಕೆ ಎಸೆಯುತ್ತವೆ ಎಂದು ಬಹಳ ಜನ ಬರೆಯುತ್ತಾರೆ. ಅವುಗಳ ಕೆಲಸವೂ ಬಹುಪಾಲು ಹೀರುವುದೇ. ಹೀರಲು ಅಲ್ಲಿ ಅಣುವಿಲ್ಲದಿದ್ದರೆ ಕಿರಣ ಒಳಗಿಳಿದು ಜೀವಕೋಶದ ಡಿಎನ್‌ಎಗೆ ಬಡಿಯುತ್ತದೆ, ಅಕ್ಕಪಕ್ಕದ ಎರಡು ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಕೋಶ ಇಂಥ ಗಾಯಗಳನ್ನು ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ. ರಿಪೇರಿಯಾಗದೆ ಉಳಿದ ತಪ್ಪುಗಳು ವರ್ಷಗಟ್ಟಲೆ ಸೇರಿಕೊಂಡು ಚರ್ಮದ ಕ್ಯಾನ್ಸರಿಗೆ ದಾರಿಯಾಗಬಹುದು. ನಮ್ಮ ಚರ್ಮವೋ ಸಮತಟ್ಟು ನೆಲವಲ್ಲ. ಹತ್ತಿರದಿಂದ ನೋಡಿದರೆ ಹಳ್ಳ, ದಿಣ್ಣೆ. ಸರಿಯಾಗಿ ಹಚ್ಚಿದಾಗಲೂ ಕ್ರೀಮಿನ ಪದರದ ದಪ್ಪ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ಕಾಲು ಭಾಗ ಸವರಿದರೆ ಅದು ಹಳ್ಳಗಳಲ್ಲಿ ಇಳಿದು ಕೂರುತ್ತದೆ, ದಿಣ್ಣೆಗಳು ಬೋಳಾಗಿ ಬಿಸಿಲಿಗೆ ನಿಲ್ಲುತ್ತವೆ.

ಇನ್ನು ನಿಮ್ಮ ಕಪ್ಪು ಬಣ್ಣ. ಚರ್ಮಕ್ಕೆ ಆ ಬಣ್ಣ ಕೊಡುವ ಮೆಲನಿನ್ ದೊಡ್ಡ ಆಸರೆ ಹೌದು, ಗಾಢ ಬಣ್ಣದ ಚರ್ಮಕ್ಕೆ ಅದು ಎಸ್‌ಪಿಎಫ್ 13ರಷ್ಟು ರಕ್ಷಣೆ ಕೊಡುತ್ತದೆ ಎಂದು ಅಳೆದವರಿದ್ದಾರೆ. ಆದರೆ ಅದೇ ನನಗೆ ಮುಳುವಾಯಿತು. ಎಸ್‌ಪಿಎಫ್ ಲೆಕ್ಕವೆಲ್ಲ ಕೆಂಪಾಗುವುದರ ಮೇಲೆ ನಿಂತಿದೆ, ನೇರಳಾತೀತ ಕಿರಣಗಳಲ್ಲಿ ಯುವಿಎ, ಯುವಿಬಿ ಎಂಬ ಎರಡು ಬಗೆ ನಮ್ಮನ್ನು ಮುಟ್ಟುತ್ತವೆ, ಕೆಂಪಾಗಿಸುವುದು ಮುಖ್ಯವಾಗಿ ಯುವಿಬಿ. ನನ್ನಂಥವರ ಚರ್ಮ ಸುಲಭಕ್ಕೆ ಕೆಂಪಾಗಿ ಕಾಣುವುದಿಲ್ಲ, ಹಾಗಾಗಿ ಮುಖದ ಮಟ್ಟಿಗೆ ಎಚ್ಚರಿಕೆಯ ಗಂಟೆ ಬಾರಿಸಲೇ ಇಲ್ಲ. ಅಷ್ಟರಲ್ಲಿ ಯುವಿಎ ಆಳಕ್ಕಿಳಿದು ತನ್ನ ಕೆಲಸ ಮಾಡುತ್ತಿತ್ತು. ಅದು ಚರ್ಮವನ್ನು ಸಡಿಲಿಸಿ ಸುಕ್ಕು ತರುತ್ತದೆ, ಕಪ್ಪುಕಲೆ ಎಬ್ಬಿಸುತ್ತದೆ, ಗಾಡಿಯ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಬಂಗಿನ ಮಟ್ಟಿಗೆ ಕಣ್ಣಿಗೆ ಕಾಣುವ ಬೆಳಕೂ ಸಾಲದ್ದಕ್ಕೆ ಕೈ ಹಾಕುತ್ತದೆ. ಅದಕ್ಕೇ ಡಾಕ್ಟರ್ ನನಗೆ ಆ ಬೆಳಕನ್ನೂ ತಡೆಯುವ ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬರೆದುಕೊಟ್ಟರು.

ಈಗ ನಿಮ್ಮ ಪ್ರಶ್ನೆ. ಸರಿಯಾಗಿ ಹಚ್ಚಿದರೆ 30 ಸುಮಾರು 97 ಶೇಕಡಾ ಯುವಿಬಿ ತಡೆಯುತ್ತದೆ, 50 ಸುಮಾರು 98, 100 ಸುಮಾರು 99. ಈ ಒಂದು ಶೇಕಡಾಕ್ಕಾಗಿ ತಲೆ ಕೆಡಿಸಿಕೊಳ್ಳುವುದನ್ನು ಬಿಡಿ. 50 ಕೊಳ್ಳಿ, ಯುವಿಎ ರಕ್ಷಣೆಯ ಮಟ್ಟ ತೋರಿಸುವ ಪಿಎ ಎಂಬುದರ ಮುಂದೆ ಪ್ಲಸ್ ಗುರುತುಗಳು ನಾಲ್ಕಿವೆಯೇ ನೋಡಿ, ಜಿಡ್ಡೆನಿಸದೆ ಧಾರಾಳವಾಗಿ ಹಚ್ಚಲು ಮನಸ್ಸು ಬರುವಂಥದ್ದನ್ನು ಆರಿಸಿ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕುತ್ತಿಗೆಗೂ ಒಂದು ಸಲಕ್ಕಾಗುತ್ತದೆ. ಕಿವಿ ಮರೆಯಬೇಡಿ.

ಆದರೆ ದಿನವಿಡೀ ಬಿಸಿಲಲ್ಲಿ ನಿಲ್ಲುವವರು ಮೊದಲು ಕೇಳಬೇಕಾದ್ದು ಕ್ರೀಮನ್ನೇ ಅಲ್ಲ ಎಂಬುದು ನನ್ನ ಹಟ. ಟೋಪಿ ಕೇಳಿ, ತುಂಬುತೋಳು ಕೇಳಿ, ನಡುಹಗಲಿಗೆ ನೆರಳಿನ ಕೆಲಸ ಕೇಳಿ. ಬಟ್ಟೆ ಬೆವರಿಗೆ ತೊಳೆದುಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ತೊಡಬೇಕಿಲ್ಲ. ಬಟ್ಟೆ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್. ಹಾಗೆಂದು ಕ್ರೀಮ್ ದಂಡ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಆಸ್ಟ್ರೇಲಿಯಾದ ನಂಬೂರ್ ಎಂಬಲ್ಲಿ 1992ರಿಂದ ನಾಲ್ಕೂವರೆ ವರ್ಷ ಕೆಲವರಿಗೆ ದಿನಾ ಹಚ್ಚಲು ಹೇಳಿ, ಉಳಿದವರನ್ನು ಅವರವರ ಇಷ್ಟಕ್ಕೆ ಬಿಟ್ಟು ನೋಡಿದರು. ದಿನಾ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು 24 ಶೇಕಡಾ ಕಡಿಮೆಯಿತ್ತು. ಅವರು ಹೆಚ್ಚಾಗಿ ಬಿಳಿಯರು ಎಂಬುದು ನಿಜ, ಆದರೆ ಕಿರಣ ಅದೇ.

ನನ್ನ ಬಂಗು ತಿಳಿಯಾಗಲು ಒಂದೂವರೆ ವರ್ಷ ಹಿಡಿಯಿತು. ಎರಡು ವಾರ ಉದಾಸೀನ ಮಾಡಿದರೆ ಈಗಲೂ ಮರಳಿ ಬರುತ್ತದೆ. ಟೋಪಿ ತಲೆಯ ಮೇಲಿದೆ, ಸೆಖೆಯೂ ಇದೆ, ಬೈದುಕೊಳ್ಳುತ್ತಲೇ ಹಾಕಿಕೊಳ್ಳುತ್ತೇನೆ. ಟ್ಯೂಬ್ ತೆರೆದ ದಿನವೇ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯುವುದು ರೂಢಿಯಾಗಿದೆ. ಈಗ ಬಳಸುತ್ತಿರುವುದೂ ಐವತ್ತು ಗ್ರಾಂನದೇ. ತೆರೆದು ಇವತ್ತಿಗೆ ಹತ್ತೊಂಬತ್ತು ದಿನ, ಬೆಳಿಗ್ಗೆ ಅದರ ತಳ ಮಡಿಸಿ ಹಿಂಡಿದ್ದೇನೆ.