ಕಡಲಲ್ಲಿ ಸಿಕ್ಕ ಪರದೇಶದವರನ್ನು ಹತ್ತಿಸಿಕೊಂಡರೆ ಕೇಸು ಬೀಳುತ್ತದೆಯೇ?

ಪ್ರಶ್ನೆ: ಬೈತಖೋಲ ಬಂದರಿನಿಂದ ಪರ್ಸೀನ್ ಬೋಟಿನಲ್ಲಿ (ದೊಡ್ಡ ಸುತ್ತುಬಲೆಯ ಮೀನುಗಾರಿಕೆ ಬೋಟು) ಹೋಗುತ್ತೇವೆ. ಪರದೇಶದ ಜನ ತುಂಬಿದ, ಎಂಜಿನ್ ಕೆಟ್ಟ ದೋಣಿ ಎದುರಾದರೆ ಏನು ಮಾಡಬೇಕು? ಬೇರೆ ದೇಶಗಳ ಸರ್ಕಾರ ಏನು ಮಾಡುತ್ತವೆ?
– ಒಬ್ಬ ತಾಂಡೇಲ (ಬೋಟು ನಡೆಸುವವ), ಕಾರವಾರ

ಉತ್ತರ: ತಾಂಡೇಲರೇ, ಮುಳುಗುವವರ ಪಾಸ್‌ಪೋರ್ಟ್ ನೋಡುವ ಕೆಲಸ ನಿಮ್ಮದಲ್ಲ. ಸ್ವಂತ ಬೋಟಿಗೆ ದೊಡ್ಡ ಅಪಾಯವಿಲ್ಲದಿದ್ದರೆ ಯಾರನ್ನಾದರೂ ಕಾಪಾಡಲೇಬೇಕು ಎನ್ನುತ್ತದೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 98ನೇ ವಿಧಿ. ಭಾರತ ಇದನ್ನು 1995ರಲ್ಲಿ ಒಪ್ಪಿಕೊಂಡಿದೆ.

ಕೇಸಿನ ಭಯವಿದ್ದರೆ ಮೊದಲು ಸುದ್ದಿ ಮುಟ್ಟಿಸಿ. ವೈರ್‌ಲೆಸ್‌ನ 16ನೇ ಚಾನೆಲ್. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554. ಜಿಪಿಎಸ್ ಅಂಕಿ, ಹೊತ್ತು, ತಲೆ ಎಷ್ಟು, ಮಕ್ಕಳು ಎಷ್ಟು, ದೋಣಿಯೊಳಗೆ ನೀರು ಎಷ್ಟು ಎಂಬುದನ್ನು ಹೇಳಿ, ಪುಸ್ತಕದಲ್ಲೂ ಬರೆದಿಡಿ. ಅವರಿಂದ ಒಂದು ಕಾಸೂ ಮುಟ್ಟಬೇಡಿ. ಕನಿಕರದಿಂದಲೇ ಆದರೂ ರಾತ್ರಿ ಯಾವುದೋ ಬೇಲೆಯಲ್ಲಿ (ಮರಳ ದಂಡೆಯಲ್ಲಿ) ಇಳಿಸಿ ಬಂದರೆ ಅದು ಕಳ್ಳಸಾಗಣೆಯಂತೆಯೇ ಕಾಣುತ್ತದೆ. ಎಲ್ಲಿ ಇಳಿಸಬೇಕೆಂದು ಕೋಸ್ಟ್ ಗಾರ್ಡ್ ಹೇಳಬೇಕು.

ಬೋಟು ಹತ್ತಿರ ಬಂದ ಮೇಲೂ ಜೀವ ಹೋಗುವುದುಂಟು. ಬೋಟು ಕಂಡದ್ದೇ ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗುತ್ತಾರೆ, ದೋಣಿ ಮಗುಚುತ್ತದೆ. ದೂರದಲ್ಲೇ ನಿಂತು, ಕೂತಿರುವಂತೆ ಕೈಸನ್ನೆ ಮಾಡಿ. ಲೈಫ್ ಜಾಕೆಟ್, ಟ್ಯೂಬು ಮೊದಲು ಎಸೆಯಿರಿ. ಬಲೆ ನೀರಿನಲ್ಲಿದ್ದರೆ ಎಳೆದುಕೊಳ್ಳಿ, ಬೋಟಿನ ಫ್ಯಾನಿಗೆ (ಪ್ರೊಪೆಲ್ಲರ್‌ಗೆ) ಸಿಕ್ಕಿದರೆ ನೀವೂ ಸಿಕ್ಕಿಬಿದ್ದಂತೆ. ಹತ್ತಿಸುವಾಗ ಒಬ್ಬೊಬ್ಬರನ್ನೇ ಹತ್ತಿಸಿ, ಎರಡೂ ಮಗ್ಗುಲಿಗೆ ಹಂಚಿ ಕೂರಿಸಿ. ಪೆಟ್ರೋಲು ಉಪ್ಪುನೀರಿಗೆ ಬೆರೆತರೆ ಚರ್ಮ ಸುಡುತ್ತದೆ; ಒದ್ದೆ ಬಟ್ಟೆ ತೆಗೆಸಿ ಸಿಹಿನೀರು ಹಾಕಿ. ಕುಡಿಯಲು ಗುಟುಕು ಗುಟುಕಾಗಿ ಕೊಡಿ.

ಇನ್ನು ಸರ್ಕಾರಗಳ ಮಾತು. 2001ರ ಆಗಸ್ಟ್‌ನಲ್ಲಿ ನಾರ್ವೆಯ ಟಂಪಾ ಹಡಗು 433 ಜನರನ್ನು ಕಾಪಾಡಿತು. ಆಸ್ಟ್ರೇಲಿಯಾ ಅವರನ್ನು ತನ್ನ ನೆಲಕ್ಕೆ ಇಳಿಸದೆ ನೌರು ಎಂಬ ಪುಟ್ಟ ದ್ವೀಪದೇಶಕ್ಕೆ ಮತ್ತು ನ್ಯೂಜಿಲೆಂಡ್‌ಗೆ ಸಾಗಿಸಿತು. 2009ರಲ್ಲಿ ಇಟಲಿಯು ತನ್ನ ಲ್ಯಾಂಪೆಡೂಸಾ ದ್ವೀಪದಿಂದ 35 ನಾಟಿಕಲ್ ಮೈಲು ದಕ್ಷಿಣಕ್ಕೆ ದೋಣಿಗಳಲ್ಲಿ ಹಿಡಿದ ವಲಸಿಗರನ್ನು ವಿಚಾರಿಸದೆ, ತನ್ನ ಹಡಗುಗಳಲ್ಲೇ ಲಿಬಿಯಾಕ್ಕೆ ಒಯ್ದು ಬಿಟ್ಟಿತು. ಅದು ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಸರ್ವಾನುಮತದಿಂದ ತೀರ್ಪಿತ್ತಿತು: ನಡುಗಡಲಾದರೂ ಹಡಗು ಇಟಲಿಯದೇ, ಹೊಣೆಯೂ ಇಟಲಿಯದೇ. ನನ್ನ ಪ್ರಕಾರ ಆ ತೀರ್ಪೇ ಸರಿ. ಯಾರು ಉಳಿಯಬಹುದು, ಯಾರು ಮರಳಬೇಕು ಎಂಬುದನ್ನು ದಡದಲ್ಲಿ, ಒಬ್ಬೊಬ್ಬರ ಮಾತು ಕೇಳಿಯೇ ತೀರ್ಮಾನಿಸಬೇಕು.

ನಿರಾಶ್ರಿತರ ಕುರಿತ 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಇಲ್ಲಿ ವಿದೇಶಿಯರ ಕಾನೂನೇ ಅನ್ವಯ. ಆದರೂ ಸಂವಿಧಾನದ 21ನೇ ವಿಧಿಯ ಜೀವರಕ್ಷಣೆ ಪರದೇಶದವರಿಗೂ ಇದೆಯೆಂದು ಸುಪ್ರೀಂ ಕೋರ್ಟ್ 1996ರಲ್ಲಿ, ಅರುಣಾಚಲ ಪ್ರದೇಶದಲ್ಲಿ ನೆಲೆಸಿದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ, ಹೇಳಿದೆ.