ಬ್ರೌಸರ್‌ನಲ್ಲಿ ಆಡುವ ಉಚಿತ ಗೇಮ್ ಹೇಗಿದ್ದರೆ ಚೆನ್ನ?

ಬೇಗ ಶುರುವಾಗಬೇಕು, ಅದೇ ಮೊದಲು. ನಾನು ದಿನಾ ಡೊಂಬಿವಲಿಯಿಂದ ದಾದರ್‌ಗೆ ಮುಂಬೈ ಲೋಕಲ್ ರೈಲಿನಲ್ಲಿ ನಿಂತೇ ಹೋಗುತ್ತೇನೆ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನ್. ದಾರಿಯಲ್ಲಿ ಆಗಾಗ ನೆಟ್‌ವರ್ಕ್ ಹೋಗುತ್ತದೆ. 2014ರಲ್ಲಿ ಬಂದ ‘2048’ ಅನ್ನುವ, ಅಂಕಿ ಕೂಡಿಸುವ ಗೇಮ್ ಒಮ್ಮೆ ಲೋಡ್ ಆದರೆ ಸಾಕು, ಆಗಲೂ ನಡೆಯುತ್ತದೆ. ಹೆಬ್ಬೆರಳು ನಾಲ್ಕು ಕಡೆ ಜಾರಿಸಿದರೆ ಆಟ. ಲಾಗಿನ್ ಇಲ್ಲ. ಹಾಗಿರಬೇಕು, ಅಲ್ವಾ?

ಜಾಹೀರಾತು ಇರಲಿ, ಮಾಡಿದವರಿಗೂ ಹೊಟ್ಟೆಪಾಡು ಇದೆ. ಆದರೆ ಸೋತ ಮೇಲೆ ಬರಲಿ, ಮಧ್ಯದಲ್ಲಿ ಬೇಡ. ‘ಎನರ್ಜಿ ಮುಗಿಯಿತು, ಅರ್ಧ ಗಂಟೆ ಕಾಯಿರಿ, ಇಲ್ಲ ದುಡ್ಡು ಕೊಡಿ’ ಅನ್ನುವ ಗೇಮ್ ಕಂಡರೆ ನನಗೆ ಜಾಸ್ತಿ ಸಿಟ್ಟು. ಸುಮ್ನೆ ಕಾಯಿಸುವುದು ಆಟ ಅಲ್ಲ.

ಎಷ್ಟೋ ಗೇಮ್‌ಗಳು ಸ್ಕೋರನ್ನು ಬ್ರೌಸರ್‌ನಲ್ಲೇ ಇಡುತ್ತವೆ. ಸೈಟ್ ಡೇಟಾ ಅಳಿಸಿದರೆ ಎಲ್ಲಾ ಹೋಯಿತು. ಸೇವ್ ಫೈಲ್ ಇಳಿಸಿಕೊಳ್ಳಲು ಒಂದು ಬಟನ್ ದಯವಿಟ್ಟು ಕೊಡಿ.